ರಾತ್ರಿ ಕುಡಿದರೆ ಬೆಳಿಗ್ಗೆ ತಲೆ ಸಿಡಿಯುವುದೇಕೆ? ಮೈಯಲ್ಲಿ ನೀರು ಕಡಿಮೆಯಾಗುವುದಕ್ಕಷ್ಟೇ?

ಗದಗದಲ್ಲಿ ಬಸ್ ನಿಲ್ದಾಣದ ಹತ್ತಿರ ಔಷಧ ಅಂಗಡಿ ಇಟ್ಟುಕೊಂಡವನು ನಾನು. ಸೋಮವಾರ ಬೆಳಿಗ್ಗೆ ಶಟರ್ ಅರ್ಧ ಎತ್ತುವಷ್ಟರಲ್ಲಿ ಒಬ್ಬರಾದರೂ ಹಣೆ ಒತ್ತಿಕೊಳ್ಳುತ್ತಾ ನಿಂತಿರುತ್ತಾರೆ: "ಕಾಕಾ, ಒಂದು ತಲೆನೋವಿನ ಗುಳಿಗೆ ಕೊಡಿ." ಉಳಿದದ್ದನ್ನು ಬಾಯಿಯ ವಾಸನೆಯೇ ಹೇಳಿಬಿಡುತ್ತದೆ.

ನೀರಿನ ಮಾತು ಅರ್ಧ ನಿಜ. ಮೂತ್ರಕ್ಕೆ ಕಡಿವಾಣ ಹಾಕುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಮದ್ಯ ಅದುಮಿಡುತ್ತದೆ. ಕುಡಿದವರು ಪದೇ ಪದೇ ಎದ್ದು ಹೋಗುವುದು, ಬೆಳಿಗ್ಗೆ ನಾಲಿಗೆ ಒಣಗುವುದು ಅದಕ್ಕೇ. ಆದರೆ ಒಂದು ತಂಬಿಗೆ ನೀರು ಕುಡಿದರೆ ಬಾಯಾರಿಕೆ ತೀರುತ್ತದೆ, ತಲೆನೋವು ಕೂತಲ್ಲೇ ಕೂತಿರುತ್ತದೆ.

ಲೆಕ್ಕ ಹಾಕಿ ನೋಡಿ. 180 ಮಿಲಿಲೀಟರ್‌ನ ಕ್ವಾರ್ಟರ್ ವಿಸ್ಕಿಯಲ್ಲಿ ಶೇ. 42.8 ಆಲ್ಕೋಹಾಲ್, ತೂಕದಲ್ಲಿ ಸುಮಾರು 60 ಗ್ರಾಂ. ಯಕೃತ್ತು ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 7ರಿಂದ 10 ಗ್ರಾಂ. ಅವಸರ ಮಾಡಿದರೆ ಅದು ಕೇಳುವುದಿಲ್ಲ. ಹಾಗೆ ಕರಗಿಸುವಾಗ ಮೊದಲು ಹುಟ್ಟುವುದು ಅಸಿಟಾಲ್ಡಿಹೈಡ್, ಮದ್ಯಕ್ಕಿಂತ ಕೆಟ್ಟ ವಿಷ. ಜೊತೆಗೆ ಜ್ವರ ಬಂದಾಗ ದೇಹ ಹೊರಡಿಸುವ ಉರಿಯೂತದ ರಾಸಾಯನಿಕಗಳೇ ಇಲ್ಲೂ ಏರುತ್ತವೆ, ಮೈಕೈ ನೋವಿಗೆ ಅದೂ ಕಾರಣ. ಹೊಟ್ಟೆಯ ಒಳಪದರ ಕೆರಳುತ್ತದೆ, ನಿದ್ದೆ ನಸುಕಿನಲ್ಲಿ ಹರಿದು ಚೂರಾಗುತ್ತದೆ. ವಿಚಿತ್ರವೆಂದರೆ, ಸಂಕಟ ತುತ್ತತುದಿಗೆ ಮುಟ್ಟುವುದು ರಕ್ತದಲ್ಲಿನ ಮದ್ಯ ಬಹುತೇಕ ಖಾಲಿಯಾದಾಗ.

ಬ್ರಾಂದಿ, ರಮ್‌ನಂಥ ಗಾಢ ಬಣ್ಣದವು ವೋಡ್ಕಾಗಿಂತ ಹೆಚ್ಚು ಕಾಡುತ್ತವೆ. ಅವುಗಳಲ್ಲಿ ಹುದುಗುವಾಗಲೂ ಪೀಪಾಯಿಯಲ್ಲೂ ಸೇರಿಕೊಂಡ ಬೇರೆ ರಾಸಾಯನಿಕಗಳಿರುತ್ತವೆ, ತುಸು ಮೆಥನಾಲ್ ಕೂಡ. ಬೆಳಿಗ್ಗೆ ಇನ್ನೊಂದು ಪೆಗ್ ಹಾಕಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಅದು ಬಡ್ಡಿ ಕಟ್ಟಲು ಮತ್ತೆ ಸಾಲ ಮಾಡಿದ ಹಾಗೆ.

ಗುಳಿಗೆಯೂ ಸುಲಭದ ಮಾತಲ್ಲ. ಪ್ಯಾರಾಸಿಟಮಾಲ್ ದಣಿದ ಯಕೃತ್ತಿಗೆ ಇನ್ನೊಂದು ಹೊರೆ, ಐಬುಪ್ರೊಫೆನ್ ಉರಿಯುವ ಹೊಟ್ಟೆಗೆ ಇನ್ನಷ್ಟು ಉರಿ. ಹಾಗಾಗಿ ಕೊಡುವ ಮೊದಲು ನಾನು ಕೇಳುವುದು, ಕೊನೆಯ ಗುಟುಕು ಎಷ್ಟು ಗಂಟೆಗೆ ಎಂದು.

ಮೊನ್ನೆ ಬಂದ ಹುಡುಗ, "ಎರಡು ಗಂಟೆಗೆ ಕಾಕಾ, ಒಂದೂವರೆ ಕ್ವಾರ್ಟರ್ ಅಷ್ಟೇ" ಎಂದ. ಆಗ ಏಳೂವರೆ. ಕೌಂಟರ್ ಮೇಲೆ ಬೈಕಿನ ಕೀಲಿಕೈ ಇತ್ತು. ಗುಳಿಗೆಯ ಡಬ್ಬಿಗೆ ಕೈ ಹಾಕಲಿಲ್ಲ. ಕೀಲಿಕೈ ಎತ್ತಿ ಗಲ್ಲಾಪೆಟ್ಟಿಗೆಯಲ್ಲಿಟ್ಟು, ಎದುರಿನ ಖಾನಾವಳಿಗೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಲು ಕಳಿಸಿದೆ. ಮಧ್ಯಾಹ್ನ ಬಂದು ತೆಗೆದುಕೊಂಡು ಹೋದ, ನನ್ನ ಮುಖ ನೋಡದೆ.