ಪೂರ್ಣ ಸಂಖ್ಯೆಗೂ ಪೂರ್ಣಾಂಕಕ್ಕೂ ಏನು ವ್ಯತ್ಯಾಸ? ಋಣ ಗುಣಿಸು ಋಣ ಧನವಾಗುವುದೇಕೆ?

0, 1, 2, 3 ಎಂದು ಕೊನೆಯಿಲ್ಲದೆ ಸಾಗುವವು ಪೂರ್ಣ ಸಂಖ್ಯೆಗಳು. ಇವುಗಳಿಗೆ −1, −2, −3… ಸೇರಿದರೆ ಪೂರ್ಣಾಂಕಗಳು. −5ರಲ್ಲಿ ಭಿನ್ನರಾಶಿಯೇನೂ ಇಲ್ಲವಲ್ಲ, ಅದೇಕೆ ಪೂರ್ಣ ಸಂಖ್ಯೆಯಲ್ಲ ಎಂದು ಕೇಳಿದ್ದೀರಿ. ಪೂರ್ಣ ಸಂಖ್ಯೆಗಳು ಶುರುವಾಗುವುದೇ ಸೊನ್ನೆಯಿಂದ. ಅದಕ್ಕಿಂತ ಚಿಕ್ಕದು ಆ ಗುಂಪಿನಲ್ಲಿಲ್ಲ. ಹಾಗಾಗಿ −5 ಬರೀ ಪೂರ್ಣಾಂಕ. 5 ಆದರೆ ಎರಡೂ ಹೌದು.

ಈ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಎರಡನೆಯ ಗುಂಪು ಯಾಕೆ ಬೇಕಾಯಿತು ಎಂದು ಯೋಚಿಸಿ. ಯಾವ ಎರಡು ಪೂರ್ಣ ಸಂಖ್ಯೆಗಳನ್ನು ಕೂಡಿದರೂ, ಗುಣಿಸಿದರೂ ಪೂರ್ಣ ಸಂಖ್ಯೆಯೇ ಬರುತ್ತದೆ. ಕಳೆಯುವಾಗ ತೊಡಕು. 7 − 3 ಆಗುತ್ತದೆ, ಆದರೆ 3 − 7ಕ್ಕೆ ಅಲ್ಲಿ ಉತ್ತರವೇ ಇಲ್ಲ. ಪೂರ್ಣಾಂಕಗಳಲ್ಲಿ ಉತ್ತರವಿದೆ: −4. ವ್ಯವಕಲನ ಎಲ್ಲೂ ನಿಲ್ಲದಂತೆ ಮಾಡುವುದೇ ಪೂರ್ಣಾಂಕಗಳ ಕೆಲಸ. ಪಠ್ಯಪುಸ್ತಕದ 'ಆವೃತ ಗುಣ' ಎಂದರೆ ಇದೇ: ಲೆಕ್ಕದ ಉತ್ತರ ಯಾವಾಗಲೂ ಅದೇ ಗುಂಪಿನೊಳಗೆ ಸಿಗುವುದು. ಭಾಗಾಕಾರದ ತೊಡಕು ಮಾತ್ರ ಹಾಗೇ ಉಳಿಯುತ್ತದೆ: 7 ÷ 2 ಪೂರ್ಣಾಂಕವಲ್ಲ. ಅದಕ್ಕೆ ಭಾಗಲಬ್ಧ ಸಂಖ್ಯೆಗಳೇ (ಭಿನ್ನರಾಶಿಗಳೂ ಸೇರಿದ ಗುಂಪು) ಬೇಕು.

ಚಿಕ್ಕದು ದೊಡ್ಡದು ಎಂಬ ಗೊಂದಲಕ್ಕೆ ಸಂಖ್ಯಾರೇಖೆ ಬರೆದುಕೊಳ್ಳಿ. ಎಡಕ್ಕಿರುವುದೇ ಚಿಕ್ಕದು. ಆದ್ದರಿಂದ −8 ಎಂಬುದು −3ಕ್ಕಿಂತ ಚಿಕ್ಕದು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ನನಗೆ ತುಂಬ ಇಷ್ಟವಾದದ್ದು ಇದು. ಕ್ರಿ.ಶ. 628ರಲ್ಲೇ ಗಣಿತಜ್ಞ ಬ್ರಹ್ಮಗುಪ್ತ ತನ್ನ 'ಬ್ರಾಹ್ಮಸ್ಫುಟಸಿದ್ಧಾಂತ' ಗ್ರಂಥದಲ್ಲಿ ಎರಡು ಋಣಗಳ ಗುಣಲಬ್ಧ ಧನ ಎಂದು ನಿಯಮ ಕೊಟ್ಟಿದ್ದಾನೆ. ಕಾರಣವನ್ನು ನಾವೇ ಕಂಡುಕೊಳ್ಳಬಹುದು. ಮೊದಲು ಹೀಗೆ ಇಳಿಯುತ್ತಾ ಬನ್ನಿ:

(−3) × 2 = −6
(−3) × 1 = −3
(−3) × 0 = 0

ಪ್ರತಿ ಸಾಲಿಗೂ ಉತ್ತರ 3 ಹೆಚ್ಚುತ್ತಿದೆ. ಮುಂದಿನ ಸಾಲು (−3) × (−1). ಇದೇ ಕ್ರಮ ಮುಂದುವರಿದರೆ ಅದು 3 ಆಗಬೇಕು. ಇಷ್ಟು ಸಾಲದು ಎನ್ನುವವರಿಗೆ ಗಟ್ಟಿಯಾದ ಕಾರಣವೂ ಇದೆ. 4 + (−4) ಸೊನ್ನೆ. ಅದನ್ನು −3ರಿಂದ ಗುಣಿಸಿದರೂ ಸೊನ್ನೆ: (−3) × [4 + (−4)] = 0. ಆವರಣ ಬಿಡಿಸಿ ಗುಣಿಸಿದರೆ (−3) × 4, ಅಂದರೆ −12. ಅದಕ್ಕೆ (−3) × (−4) ಕೂಡಬೇಕು. ಮೊತ್ತ ಸೊನ್ನೆಯಾಗಬೇಕಾದರೆ ಆ ಎರಡನೆಯದು 12 ಆಗದೆ ಬೇರೆ ದಾರಿಯಿಲ್ಲ. ಇಲ್ಲದಿದ್ದರೆ ಆವರಣ ಬಿಡಿಸುವ ನಿಯಮವೇ ಮುರಿದುಬೀಳುತ್ತದೆ.

ಮಕ್ಕಳಿಗೆ ಈ ಕಾರಣ ಹೇಳದೆ 'ಮೈನಸ್ ಮೈನಸ್ ಪ್ಲಸ್' ಎಂದಷ್ಟೇ ಕಲಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಗೆ ಕಲಿತವರು −3 − 4 ಕಂಡೊಡನೆ +7 ಎಂದು ಬರೆದುಬಿಡುತ್ತಾರೆ. ಅಲ್ಲಿ ಗುಣಾಕಾರವೇ ಇಲ್ಲ. ಸಂಖ್ಯಾರೇಖೆಯಲ್ಲಿ −3ರಿಂದ ಎಡಕ್ಕೆ ಇನ್ನೂ ನಾಲ್ಕು ಹೆಜ್ಜೆ, ಉತ್ತರ −7.