ಗ್ಯಾರಂಟಿ ಅಂದರೆ ಹಿಂದೆ ಸರಿಯಿರಿ

ಟೊಮೆಟೊ ಮಾರಿ ಉಳಿದ 2 ಲಕ್ಷವನ್ನು ಪಿಟುಪಿ (ಬ್ಯಾಂಕ್ ಇಲ್ಲದೆ ಆಪ್ ಮೂಲಕ ಜನರೇ ಜನರಿಗೆ ಕೊಡುವ) ಸಾಲದ ಹೊಸ ಆಪ್‌ನಲ್ಲಿ ಹಾಕಬಹುದಾ, ಏಜೆಂಟ್ 12 ಪರ್ಸೆಂಟ್ ಗ್ಯಾರಂಟಿ ಅಂತಿದ್ದಾರೆ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಪಿಟುಪಿಯಲ್ಲಿ ಗ್ಯಾರಂಟಿ ಲಾಭ ಅಂತ ಹೇಳೋದೇ ನಿಯಮಕ್ಕೆ ವಿರುದ್ಧ. 2024ರ ಆಗಸ್ಟ್‌ನಲ್ಲಿ ಆರ್‌ಬಿಐ ಇದನ್ನು ಖಡಾಖಂಡಿತವಾಗಿ ಹೇಳಿದೆ. ಸಾಲಗಾರ ಕಟ್ಟದಿದ್ದರೆ ಅಸಲು, ಬಡ್ಡಿ ಎರಡೂ ನಿಮಗೇ ನಷ್ಟ.

ನಾನೂ ಕೋಲಾರದವನೇ. ಒಂದು ಆಪ್‌ನಲ್ಲಿ 10 ಜನರಿಗೆ ತಲಾ 2,000 ಕೊಟ್ಟಿದ್ದೆ. ಆರು ತಿಂಗಳು ಕಂತು ಸರಿಯಾಗಿ ಬಂತು. ಏಳನೇ ತಿಂಗಳು ಇಬ್ಬರ ಹೆಸರಿನ ಮುಂದೆ ಕೆಂಪು ಅಕ್ಷರದಲ್ಲಿ ‘ಓವರ್‌ಡ್ಯೂ’ ಅಂತ ಕಾಣಿಸಿತು. ಆಮೇಲೆ ಅವರಿಂದ ಒಂದು ರೂಪಾಯಿಯೂ ಬರಲಿಲ್ಲ. ಉಳಿದ ಎಂಟು ಜನರ ಬಡ್ಡಿಯೆಲ್ಲ ಆ ನಷ್ಟ ತುಂಬೋದಕ್ಕೇ ಹೋಯಿತು. ಒಬ್ಬರಿಗೇ ಜಾಸ್ತಿ ಕೊಟ್ಟಿದ್ದರೆ? ನಿಯಮದ ಪ್ರಕಾರ ಒಬ್ಬ ಸಾಲಗಾರನಿಗೆ 50,000ದವರೆಗೂ ಕೊಡಬಹುದು, ಆದರೆ ಅಷ್ಟು ಯಾವತ್ತೂ ಕೊಡಬೇಡಿ.

ಹೊಸ ಆಪ್ ಹುಡುಕೋಕೆ ಏಜೆಂಟ್ ಬೇಕಿಲ್ಲ. ನೋಂದಣಿಯಾದ ಪಿಟುಪಿ ಕಂಪನಿಗಳ ಪಟ್ಟಿ ಆರ್‌ಬಿಐ ವೆಬ್‌ಸೈಟಿನಲ್ಲೇ ಇದೆ. ಆಪ್‌ನ ಹೆಸರಲ್ಲ, ಹಿಂದಿರುವ ಕಂಪನಿಯ ಹೆಸರು ನೋಡಿ. ದುಡ್ಡು ಎಸ್ಕ್ರೋ ಖಾತೆಗೇ, ಅಂದರೆ ಕಂಪನಿ ಕೈಗೆ ಸಿಗದಂತೆ ಬ್ಯಾಂಕಿನಲ್ಲಿರುವ ಪ್ರತ್ಯೇಕ ಖಾತೆಗೇ, ಹೋಗಬೇಕು. ಏಜೆಂಟ್ ತಮ್ಮ ಯುಪಿಐ ನಂಬರಿಗೆ ಹಾಕಿ ಅಂದರೆ ಅದು ಮೋಸವೇ.

ಕ್ರೌಡ್‌ಫಂಡಿಂಗ್‌ನಲ್ಲಿ (ತುಂಬಾ ಜನರಿಂದ ಸ್ವಲ್ಪ ಸ್ವಲ್ಪ ದುಡ್ಡು ಕೂಡಿಸೋದು) ಸ್ಟಾರ್ಟಪ್ ಷೇರು ಕೊಡ್ತೀವಿ ಅನ್ನೋ ಆಪ್‌ಗಳ ತಂಟೆಗೂ ಹೋಗಬೇಡಿ. ಅಂಥ ವೇದಿಕೆಗಳಿಗೆ ಅನುಮತಿ ಇಲ್ಲ ಅಂತ ಷೇರುಪೇಟೆ ನಿಯಂತ್ರಕ ಸೆಬಿ 2016ರಲ್ಲೇ ಎಚ್ಚರಿಸಿದೆ.

ಮೊದಲು ಮುಂದಿನ ಬೆಳೆಯ ಸಸಿ, ಗೊಬ್ಬರ, ಕೂಲಿಗೆ ಎತ್ತಿಡಿ. ಮಂಡಿಯಲ್ಲಿ ಬಾಕ್ಸ್ ರೇಟು ಯಾವಾಗ ಬೀಳುತ್ತೋ ನಿಮಗೇ ಗೊತ್ತಲ್ವಾ. ಆಸೆ ಇದ್ದರೆ 10,000 ಹಾಕಿ ನೋಡಿ, ಸಾಕು. ಏಜೆಂಟ್ ಹೇಳಿದ ಕಂಪನಿ ಹೆಸರು ಇಲ್ಲಿ ಹಾಕಿ, ಪಟ್ಟಿಯಲ್ಲಿ ಇದೆಯಾ ಅಂತ ನಾನೂ ನೋಡ್ತೀನಿ.