ಮೇವಿನ ಮಷೀನಿನ ಬ್ಲೇಡು: ಸಾಣೆಯೋ, ಹೊಸದೋ?

ಪ್ರಶ್ನೆ: ನಮ್ಮದು 2 ಎಚ್‌ಪಿ ಮೋಟಾರಿನ, ದೊಡ್ಡ ಚಕ್ರಕ್ಕೆ ಎರಡು ಬ್ಲೇಡಿರುವ ಮೇವು ಕತ್ತರಿಸುವ ಮಷೀನು. ಜೋಳದ ಕಣಿಕೆ, ಗೋವಿನಜೋಳದ ದಂಟು ತುಂಡಾಗದೆ ನಾರುನಾರಾಗಿ ರೋಲರಿಗೆ ಸುತ್ತಿಕೊಳ್ಳುತ್ತಿದೆ. ಎರಡು ಸಲ ಸಾಣೆ ಹಿಡಿಸಿದೆವು, ವಾರದಲ್ಲೇ ಮತ್ತೆ ಮೊಂಡು. ಹೊಸ ಬ್ಲೇಡು ಹಾಕಬೇಕೆ?
– ಹೈನುಗಾರರು, ಶಿಗ್ಗಾಂವಿ ತಾಲ್ಲೂಕು

ಉತ್ತರ: ದುಡ್ಡು ಬಿಚ್ಚುವ ಮೊದಲು ಬ್ಲೇಡಿನ ಬಾಯಿಯ ಬಣ್ಣ ನೋಡಿ. ಗ್ರೈಂಡರ್ ಕಲ್ಲಿಗೆ ಒತ್ತಿ ಹಿಡಿದಾಗ ಕಾದು ನೀಲಿಯಾಗಿದ್ದರೆ ಅಲ್ಲಿಯ ಉಕ್ಕು ಹದ ಕಳೆದುಕೊಂಡಿದೆ. ಅದಕ್ಕೆ ಎಷ್ಟು ಸಲ ಸಾಣೆ ಹಿಡಿಸಿದರೂ ನಿಲ್ಲದು. ನೀಲಿ ಒಂದೆರಡು ಮಿಲಿಮೀಟರ್ ಅಂಚಿಗಷ್ಟೇ ಇದ್ದರೆ ಅದನ್ನು ನಿಧಾನವಾಗಿ ಸವೆಸಿ ತೆಗೆಸಬಹುದು. ಒಳಗೆ ಹಬ್ಬಿದ್ದರೆ ಬದಲಿಸಿ.

ನೀಲಿ ಇಲ್ಲವೇ? ಹಾಗಾದರೆ ತಪ್ಪು ಬಹುಮಟ್ಟಿಗೆ ಬ್ಲೇಡಿನದಲ್ಲ, ಬ್ಲೇಡಿಗೂ, ಮೇವು ತೂರಿಬರುವ ಬಾಯಲ್ಲಿ ಅಲುಗದೆ ಕೂತಿರುವ ಬಾಯಿಪಟ್ಟಿಗೂ ನಡುವಿನ ಸಂದಿನದು. ಬಿಚ್ಚಿ ಮರಳಿ ಕೂರಿಸಿದಾಗಲೆಲ್ಲ ಈ ಸಂದು ಕದಲುತ್ತದೆ. ಸಾಣೆಯಂಗಡಿಗೆ ಹೋಗುವುದು ಬರೀ ಬ್ಲೇಡು, ಹಾಗಾಗಿ ಇದನ್ನು ನೋಡುವವರೇ ಇರುವುದಿಲ್ಲ. ಪ್ಲಗ್ ಕಿತ್ತು, ಬೆಲ್ಟ್ ಕಳಚಿ, ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ಬ್ಲೇಡು ಪಟ್ಟಿಗೆ ತಾಗಬಾರದು, ಆದರೆ ನಡುವೆ ಒಂದು ಪೋಸ್ಟ್‌ಕಾರ್ಡ್ ತೂರುವುದಕ್ಕಿಂತ ಹೆಚ್ಚು ಜಾಗವೂ ಇರಬಾರದು. ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಇರಲಿ. ಆಮೇಲೆ ಉದ್ದನೆಯ ಪೇಪರ್ ಹಾಳೆಯನ್ನು, ಕೈ ಗೇಣು ದೂರವಿರುವಂತೆ, ಪಟ್ಟಿಯ ಮೇಲಿಟ್ಟು ಚಕ್ರ ತಿರುಗಿಸಿ. ಒಂದು ಕಡೆ ಕತ್ತರಿಸಿ ಇನ್ನೊಂದು ಕಡೆ ಮಡಚಿದರೆ, ಮಡಚಿದ ಕಡೆಯ ಹೊಂದಾಣಿಕೆ ಬೋಲ್ಟನ್ನು ಕಾಲು ಕಾಲು ಸುತ್ತು ತಿರುಗಿಸಿ ಸರಿಮಾಡಿ. ಬಾಯಿಪಟ್ಟಿಯ ಅಂಚು ಸವೆದು ದುಂಡಗಾಗಿದ್ದರೆ ಎಂಥ ಹರಿತ ಬ್ಲೇಡಿದ್ದರೂ ಕಣಿಕೆ ಸಂದಿಗೆ ಬಾಗಿ ಜಜ್ಜಿಹೋಗುತ್ತದೆ. ಕೆಲವು ಮಷೀನುಗಳಲ್ಲಿ ಪಟ್ಟಿಯನ್ನು ತಿರುವಿ ಹಾಕಿ ಇನ್ನೊಂದು ಅಂಚು ಬಳಸಬಹುದು.

ಸಾಣೆ ಹಿಡಿಸುವಾಗ ಇಳಿಜಾರಿರುವ ಒಂದೇ ಮೈಯನ್ನು, ಮೊದಲಿದ್ದ ಕೋನದಲ್ಲೇ ಉಜ್ಜಬೇಕು. ಚಪ್ಪಟೆ ಬೆನ್ನಿನಲ್ಲಿ ಎದ್ದ ಮುಳ್ಳನ್ನು ಎಣ್ಣೆಗಲ್ಲಿನಿಂದ ಸವರಿದರೆ ಸಾಕು. ಬೆನ್ನನ್ನೇ ಸವೆಸಿದರೆ ಸಂದು ಹಿಗ್ಗುತ್ತದೆ. ಪದೇಪದೇ ನೀರಿಗೆ ಅದ್ದುತ್ತ ಹಿಡಿಯುವಂತೆ ಹೇಳಿ, ಮುಟ್ಟಲಾಗದಷ್ಟು ಬಿಸಿಯಾಗಲು ಬಿಡಬೇಡಿ.

ಬೋಲ್ಟ್ ತೂತಿನ ಬಳಿ ಕೂದಲೆಳೆಯಷ್ಟು ಬಿರುಕು ಕಂಡರೂ, ಬಾಯಿ ಮೂರು-ನಾಲ್ಕು ಮಿಲಿಮೀಟರ್ ಆಳ ಚಕ್ಕೆ ಎದ್ದಿದ್ದರೂ, ಬ್ಲೇಡು ಬಾಗಿದ್ದರೂ ಅದರ ಕಾಲ ಮುಗಿಯಿತು. ವೆಲ್ಡಿಂಗ್ ಮಾಡಿಸಲೇಬೇಡಿ. ತಿರುಗುವ ಚಕ್ರದಿಂದ ಕಳಚಿ ಹಾರಿದ ತುಂಡು ಎದುರಿಗಿದ್ದವರ ಜೀವ ತೆಗೆಯಬಲ್ಲದು.

ಇನ್ನೊಂದು: ಮಸಾರಿ (ಕೆಂಪು ಮಣ್ಣಿನ) ಹೊಲದಿಂದ ಬೇರುಸಮೇತ ಕಿತ್ತು ತಂದ ದಂಟಿಗೆ ಮರಳು ಮೆತ್ತಿರುತ್ತದೆ, ಅದು ಬ್ಲೇಡಿಗೆ ಉಪ್ಪುಕಾಗದವಿದ್ದಂತೆ. ಬುಡ ಕತ್ತರಿಸಿ ಕೊಡವಿ ಹಾಕಿ.

ಪ್ರಶ್ನೆ: ಒಂದು ಬ್ಲೇಡಿನ ಮೂಲೆ ಮುರಿದಿದೆ. ಅದೊಂದನ್ನೇ ಬದಲಿಸಿದರೆ ನಡೆಯುತ್ತದೆಯೆ?
– ರೈತ ಮಹಿಳೆ, ರಾಣೆಬೆನ್ನೂರು

ಉತ್ತರ: ಇಲ್ಲ, ಜೋಡಿಯಾಗಿಯೇ ಬದಲಿಸಿ. ಸವೆದದ್ದು ಹಗುರ, ಹೊಸದು ಭಾರ. ಚಕ್ರ ನಡುಗಿ ಬೇರಿಂಗ್ ಹೋಗುತ್ತದೆ. ಹೊಸ ಜೋಡಿಯನ್ನೂ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ತನ್ನಿ. ಬೋಲ್ಟು, ಸ್ಪ್ರಿಂಗ್ ವಾಷರ್ ಹೊಸವೇ ಇರಲಿ. ಬೋಲ್ಟಿನ ತಲೆಯ ಮೇಲೆ 8.8 ಎಂಬ ಗಟ್ಟಿತನದ ಗುರುತು ನೋಡಿ ಕೊಳ್ಳಿ.

ಅದಕ್ಕಿಂತ ತುರ್ತಿನ ಮಾತು, ಅಕ್ಕಾ: ಮುರಿದ ಆ ಮೂಲೆ ಸಿಕ್ಕಿತೆ? ಸಿಗುವವರೆಗೆ ಅಂದು ಕತ್ತರಿಸಿದ ಮೇವನ್ನು ದನಗಳಿಗೆ ಹಾಕಬೇಡಿ. ನುಂಗಿದ ಲೋಹದ ಚೂರು ದನದ ನಾಲ್ಕು ಹೊಟ್ಟೆಗಳಲ್ಲಿ ಎರಡನೆಯದರಲ್ಲಿ ನಿಂತು, ಅಲ್ಲಿಂದ ಹೃದಯದ ಚೀಲಕ್ಕೇ ಚುಚ್ಚಬಹುದು. ಮೇವನ್ನು ತೆಳುವಾಗಿ ಹರಡಿ, ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಅದರಲ್ಲಿ ಆಡಿಸಿ ಹುಡುಕಿ. ಆಗಲೇ ತಿನ್ನಿಸಿದ್ದರೆ, ದನ ಮೇವು ಬಿಟ್ಟು ಬೆನ್ನು ಗೂನು ಮಾಡಿ ನಿಂತರೆ ಆ ದಿನವೇ ಪಶುವೈದ್ಯರನ್ನು ಕರೆಸಿ, ಬ್ಲೇಡು ಮುರಿದದ್ದನ್ನೂ ತಿಳಿಸಿ.